ಅವ್ವನ ಚೊಂಬು

ಹಂಪಿಯ ವಿರೂಪಾಕ್ಷನ ತೇರನ್ನು ಯಾವ ಚೈತ್ರದಲ್ಲಿಯೂ ತಪ್ಪಿಸದ ನಮ್ಮವ್ವ ಒಂದು ವರ್ಷ ಬರಲೊಲ್ಲೆನೆಂದಳು. ಮೂತ್ರ ತಡೆಯಲಾಗದೆಂಬ ಸಂಕೋಚ. ಹೊಸಪೇಟೆಯ ಆ ಬಿಸಿಲಿನಲ್ಲಿಯೂ ಚೊಂಬಿನ ನೀರು ಮುಟ್ಟುತ್ತಿರಲಿಲ್ಲ.

ನೀರು ಬಿಡುವುದು ಮದ್ದಲ್ಲ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ಮಲಬದ್ಧತೆಯೂ ಸೇರಿ ಬಾಧೆ ಹೆಚ್ಚುತ್ತದೆ. ವೈದ್ಯರು ಮಿತಿ ಹಾಕಿರದಿದ್ದರೆ ಹಗಲೆಲ್ಲ ನೀರು ಕೊಡಿರಿ. ಮಲಗುವ 2 ಗಂಟೆ ಮೊದಲು ಕಡಿಮೆ ಮಾಡಿರಿ. ಹಗಲಲ್ಲಿ 2 ಗಂಟೆಗೊಮ್ಮೆ, ಅವರು ಕೇಳುವ ಮೊದಲೇ, ಬಚ್ಚಲಿಗೆ ಕರೆದೊಯ್ಯಿರಿ. ಹಾಸಿಗೆಯ ಮೇಲೆ ರಬ್ಬರು ಹಾಳೆ, ಅದರ ಮೇಲೆ ಹಳೆಯ ನೂಲಿನ ಸೀರೆಯ ಮಡಿಕೆ ಇರಲಿ. ಒದ್ದೆಯಾದೊಡನೆ ಮೈ ತೊಳೆದು ಮೆಲ್ಲಗೆ ಒರೆಸಿರಿ. ಉರಿ, ಜ್ವರ, ರಕ್ತ ಕಂಡರೆ, ಇಲ್ಲವೆ ಏಕಾಏಕಿ ಆರಂಭವಾದರೆ, ವೈದ್ಯರಿಗೆ ತೋರಿಸಿರಿ.

ಬೈಯಬೇಡಿರಿ, ನಮ್ಮ ಒದ್ದೆಬಟ್ಟೆ ಒಗೆದ ಕೈ ಅದು.

ಮರುವರ್ಷ ಅವ್ವ ತೇರಿಗೆ ಬಂದಳು. ಚೊಂಬು ಅವಳ ಕೈಯಲ್ಲಿ, ಬದಲಿ ಸೀರೆ ನನ್ನ ಚೀಲದಲ್ಲಿ.