ದೂರದಿಂದ ದಾರಿ ತೋರುವ ಕಣ್ಣು



2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಇವರಿಗೆ ಕಲಿಯುವ ಬುದ್ಧಿಯೂ ದುಡಿಯುವ ಸಾಮರ್ಥ್ಯವೂ ಇವೆ. ಆದರೆ ಮನೆಯಿಂದ ಹೊರಡಲು ಪ್ರತಿಸಲವೂ ಪರರ ತೋಳಿಗಾಗಿ ಕಾಯಬೇಕಾದರೆ ವಿದ್ಯೆ, ಉದ್ಯೋಗಗಳೆರಡೂ ಕೈತಪ್ಪುತ್ತವೆ. ಆದ್ದರಿಂದ ಸ್ವತಂತ್ರ ಸಂಚಾರವು ಅಂಧರ ಬಾಳಿನ ಮೂಲಪ್ರಶ್ನೆಯಾಗಿದೆ.

ಅವರ ಮೊದಲ ಸಂಗಾತಿ ಬಿಳಿ ಬೆತ್ತ. ಅದು ನೆಲದ ಏರುತಗ್ಗುಗಳನ್ನು ತಿಳಿಸುತ್ತದೆ. ಮೊಣಕಾಲಿನ ಮೇಲಿರುವ ಅಡ್ಡಿಗಳನ್ನು ಅರಿಯದು. ಈ ಕೊರತೆ ನೀಗಲು ದೆಹಲಿಯ ಐಐಟಿ ರೂಪಿಸಿದ ‘ಸ್ಮಾರ್ಟ್‌ಕೇನ್’ 2014ರಲ್ಲಿ ಬಳಕೆಗೆ ಬಂದಿತು. ಅದು ಶ್ರವಣಾತೀತ ತರಂಗಗಳಿಂದ ಅಡ್ಡಿಯನ್ನು ಗುರುತಿಸಿ, ಹಿಡಿಯ ಕಂಪನದ ಮೂಲಕ ಎಚ್ಚರಿಸುತ್ತದೆ. ಉಪಗ್ರಹ ಆಧಾರಿತ ಜಿಪಿಎಸ್ ಬೀದಿಯ ಹೆಸರನ್ನು ಹೇಳಬಲ್ಲದು. ಆದರೆ ಅದರಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಸಹಜ. ಕಚೇರಿಯ ಬಾಗಿಲು ಎಲ್ಲಿದೆ, ಮುಂದೆ ನಿಂತ ಬಸ್ಸು ಯಾವುದು ಎಂಬುದನ್ನು ಅದು ತಿಳಿಸಲಾರದು.

ಇಲ್ಲಿ ನೆರವಾಗುವುದೇ ದೂರಮಾರ್ಗದರ್ಶನ. ನಡೆಯುವವರ ಮೊಬೈಲ್ ಕ್ಯಾಮೆರಾ ಸೆರೆಹಿಡಿದ ದೃಶ್ಯವು ಅಂತರಜಾಲದ ಮೂಲಕ ದೂರದಲ್ಲಿರುವ ಸಹಾಯಕರಿಗೆ ಒಡನೆಯೇ ತಲುಪುತ್ತದೆ. ಅವರು ಕಂಡುದನ್ನು ಮಾತಿನಲ್ಲಿ ತಿಳಿಸುತ್ತಾರೆ. ಡೆನ್ಮಾರ್ಕಿನಲ್ಲಿ 2015ರಲ್ಲಿ ಆರಂಭವಾದ ‘ಬಿ ಮೈ ಐಸ್’ ಉಚಿತ ಸೇವೆ. ಭಾಷೆಯನ್ನು ಗಮನಿಸಿ ಸ್ವಯಂಸೇವಕರೊಡನೆ ಸಂಪರ್ಕ ಕಲ್ಪಿಸುತ್ತದೆ. ಅಮೆರಿಕದ ‘ಐರಾ’ ಸಂಸ್ಥೆಯಲ್ಲಿ ತರಬೇತಿ ಪಡೆದ ಸಹಾಯಕರಿರುತ್ತಾರೆ. 2023ರಿಂದ ಚಿತ್ರವನ್ನು ವಿವರಿಸುವ ಕೃತಕ ಬುದ್ಧಿಮತ್ತೆಯೂ ಇಂತಹ ಸೇವೆಗಳಿಗೆ ಸೇರಿದೆ.

ಇವುಗಳಿಗೆ ಮಿತಿಗಳೂ ಉಂಟು. ಸಂಪರ್ಕ ಕಡಿಯಬಹುದು, ದೃಶ್ಯ ಕ್ಷಣಕಾಲ ತಡವಾಗಿ ಬರಬಹುದು. ವಾಹನಗಳ ನಡುವೆ ಆ ಒಂದು ಕ್ಷಣವೇ ಅಪಾಯಕಾರಿ. ಆದ್ದರಿಂದ ಬೆತ್ತವನ್ನು ಬಿಡಲಾಗದು. ರಸ್ತೆ ದಾಟುವ ನಿರ್ಧಾರವನ್ನು ನಡೆಯುವವರೇ ಕೈಗೊಳ್ಳಬೇಕು. ಬ್ಯಾಂಕಿನ ಕಾಗದಪತ್ರ, ಗುಪ್ತಸಂಖ್ಯೆಗಳು ಅಪರಿಚಿತರ ಕಣ್ಣಿಗೆ ಬೀಳದಂತೆಯೂ ಎಚ್ಚರ ವಹಿಸಬೇಕು.

ಹೊರನಾಡಿನಲ್ಲಿ ನೆಲೆಸಿರುವ ನಾವು ಪರಭಾಷೆಯ ಫಲಕಗಳ ನಡುವೆ ದಾರಿ ಕೇಳಿ ನಡೆದವರೇ. ಕನ್ನಡವನ್ನಷ್ಟೇ ಬಲ್ಲ ಅಂಧರೊಬ್ಬರಿಗೆ ಅಂತಹ ಊರಿನಲ್ಲಿ ತಾಯ್ನುಡಿಯ ಸೂಚನೆ ಎಷ್ಟು ಧೈರ್ಯ ನೀಡೀತೆಂಬುದನ್ನು ನಾವು ಊಹಿಸಬಲ್ಲೆವು. ಆದ್ದರಿಂದ ಕನ್ನಡ ಬಲ್ಲ ಸ್ವಯಂಸೇವಕರು ಮುಂದೆ ಬರಬೇಕು. ‘ಅಲ್ಲಿ’, ‘ಇಲ್ಲಿ’ ಎನ್ನದೆ ‘ಎಡಕ್ಕೆ ಮೂರು ಹೆಜ್ಜೆ, ಬಳಿಕ ಕೆಳಗಿಳಿಯುವ ಎರಡು ಮೆಟ್ಟಿಲು’ ಎಂದು ಸ್ಪಷ್ಟವಾಗಿ ಹೇಳುವುದನ್ನು ರೂಢಿಸಿಕೊಳ್ಳಬೇಕು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಅಡೆತಡೆಯಿಲ್ಲದ ಪರಿಸರವನ್ನು ಅವರ ಹಕ್ಕಾಗಿ ಪರಿಗಣಿಸಿದೆ. ಕಾಲುದಾರಿಯಲ್ಲಿ ವಾಹನ ನಿಲ್ಲಿಸದಿರುವುದು, ಅಗೆದ ಗುಂಡಿಯನ್ನು ಮುಚ್ಚಿಸುವುದು ನಮ್ಮ ಕೈಯಲ್ಲಿಯೇ ಇದೆ. ದೂರದ ಕಣ್ಣು ಎಷ್ಟೇ ಚುರುಕಾಗಿದ್ದರೂ ನಡೆಯಲು ದಾರಿ ಇರಬೇಕಲ್ಲವೇ? ಆ ದಾರಿಯನ್ನು ತೆರವಾಗಿಡುವ ಕೆಲಸವನ್ನು ನಾವು ಇಂದಿನಿಂದಲೇ ಆರಂಭಿಸೋಣ.