ಬೀಗ ತೆಗೆದ ಕಪ್ಪು ಪರದೆ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿ ಗೋಷ್ಠಿಯಲ್ಲಿ ಆಡಿದ ಮಾತು)



ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಂದಿನಿಂದ ಊರಿನಲ್ಲಿ ಒಂದೇ ಪ್ರಶ್ನೆ: "ಅಲ್ಲಿ ನೀನು ಮಾಡುವುದೆಂತದು ಮಾರಾಯ?" ಹೆಚ್ಚಿನ ಹೊತ್ತು ಕಪ್ಪು ಪರದೆಯ ಮುಂದೆ ಕೂರುತ್ತೇನೆ. ಅದಕ್ಕೆ ಶೆಲ್ ಎನ್ನುತ್ತಾರೆ. ಅಲ್ಲಿ ಮೌಸ್ ಬೇಡ, ಆಜ್ಞೆಯನ್ನು ಅಕ್ಷರದಲ್ಲಿ ಬರೆದರೆ ಸಾಕು. ಈ ಉತ್ಸವದ ಐನೂರು ಫೋಟೊಗಳ ಹೆಸರು ಬದಲಿಸಬೇಕೇ? ಒಂದು ಸಾಲಿನ ಕೆಲಸ.

ಮೈಕ್ರೋಸಾಫ್ಟ್‌ನ ಪವರ್‌ಶೆಲ್ 2006ರಲ್ಲಿ ಬಂತು. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಅದರ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಕಂಪನಿಯ ಬೀಗದೊಳಗಿದ್ದವು. ಯಕ್ಷಗಾನದ ಲೆಕ್ಕದಲ್ಲಿ ಹೇಳುವುದಾದರೆ, ಆಟ ನೋಡಬಹುದು, ಪ್ರಸಂಗದ ಪುಸ್ತಕ ಕೇಳಬಾರದು. 2016ರ ಆಗಸ್ಟ್ 18ರಂದು ಆ ಪುಸ್ತಕವನ್ನೇ ಕೊಟ್ಟುಬಿಟ್ಟರು. ಇನ್ನು ಕಾಪುವಿನ ಮೇಳವೂ ಆಡಬಹುದು, ಕಾರ್ಕಳದ ಮೇಳವೂ ಆಡಬಹುದು, ಪದ್ಯ ತಿದ್ದಲೂಬಹುದು! ಪವರ್‌ಶೆಲ್ ಲಿನಕ್ಸ್‌ಗೂ ಮ್ಯಾಕ್‌ಗೂ ಬಂತು. ಇದೇ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಲ್ಮರ್ 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದರು. ಧರ್ಮಕ್ಕೆ ಕೊಟ್ಟದ್ದೆಂದು ನಾನು ಹೇಳುವುದಿಲ್ಲ. ಅವರ ಕ್ಲೌಡ್‌ನಲ್ಲಿ ಗಿರಾಕಿಗಳು ಲಿನಕ್ಸನ್ನೇ ಓಡಿಸುತ್ತಿದ್ದರು. ಆದರೂ ಕೊಟ್ಟದ್ದು ಕೊಟ್ಟದ್ದೇ, ಅದನ್ನು ಮರಳಿ ಕಿತ್ತುಕೊಳ್ಳಲು ಬರುವುದಿಲ್ಲ.

ವ್ಯಾಪಾರದ ಯೋಚನೆಯಿಲ್ಲದೆ ಕೊಟ್ಟವರು ನಮ್ಮ ಕಡೆಯವರೇ ಇದ್ದಾರೆ. ಪಕ್ಕದ ಜಿಲ್ಲೆಯ ಕಿನ್ನಿಕಂಬಳದಲ್ಲಿ ಹುಟ್ಟಿದ ನಾಡೋಜ ಕೆ.ಪಿ. ರಾವ್ ಅವರು ಕನ್ನಡ ಬರೆಯುವ ತಂತ್ರಾಂಶ ಮಾಡಿ, ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸಕ್ಕೂ ಬೀಗ ಹಾಕಲಿಲ್ಲ. ಅದರಲ್ಲಿ ಎ, ಎಂ, ಎಫ್, ಎಂ ಒತ್ತಿದರೆ 'ಅಮ್ಮ'. ಎಫ್ ಒತ್ತಕ್ಷರ ಕೂಡಿಸುತ್ತದೆ. ಮುಂದೆ ಸರ್ಕಾರ ಒಪ್ಪಿದ್ದೂ ಅದನ್ನೇ, ನುಡಿಯಲ್ಲಿರುವುದೂ ಅದೇ. ಇಂದು ಲಿನಕ್ಸ್ ಹಾಕಿದರೆ ಅದರೊಳಗೇ 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಬೀಗ ಹಾಕಿದ್ದರ ಗತಿ ಏನು? ನನ್ನಲ್ಲಿ ಒಂದು ಹಳೆಯ ಸ್ಮರಣ ಸಂಚಿಕೆಯ ಫೈಲ್ ಇದೆ. ಯಾವುದೋ ಮಾರಾಟದ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಆ ಕಂಪನಿ ಈಗಿಲ್ಲ. ತೆರೆದರೆ ಡಾಲರ್ ಗುರುತು, ಸೊನ್ನೆ, ಆವರಣ ಚಿಹ್ನೆ. ಅದರಲ್ಲಿ ಬರೆದವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಅವರ ಮಾತು ಅದೇ ಫೈಲಿನೊಳಗೆ ಸಿಕ್ಕಿಬಿದ್ದಿದೆ.

ಆದ್ದರಿಂದ ಸಂಪಾದಕ ಮಂಡಳಿಯವರಲ್ಲಿ ವಿನಂತಿ: ಈ ಸಂಪುಟವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಒಂದು ಪ್ರತಿಯನ್ನು ಶಾಲೆಯಲ್ಲೇ ಇಡಿ. ಹೆಡ್‌ಮಾಸ್ಟರ್ ಒಪ್ಪಿದರೆ ಮುಂದಿನ ಎರಡು ಶನಿವಾರ ಬಂದು ಲ್ಯಾಬಿನ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಡುತ್ತೇನೆ. ಮಕ್ಕಳು ಜತೆಗಿರಲಿ, ಕಪ್ಪು ಪರದೆಯನ್ನು ಅವರೇ ತೆರೆಯಲಿ.