ಕ್ಯಾಪ್ ಸುತ್ತ ಕಪ್ಪು ಗೆರೆ: ಹುಳುಕೋ, ಬರೀ ಬಣ್ಣವೋ?

‘ಡಾಕ್ಟ್ರೇ, ಕ್ಯಾಪ್ ಹಾಕಿಸಿ ಐದಾರು ವರ್ಷ ಆಯ್ತು. ಈಗ ವಸಡಿನ ಹತ್ರ ಕಪ್ಪು ಗೆರೆ ಕಾಣ್ತಿದೆ, ಹುಳುಕಾ?’ ಅಂತ ಬಹಳ ಜನ ಕೇಳ್ತಾರೆ.

ಎಲ್ಲ ಗೆರೆಯೂ ಹುಳುಕಲ್ಲ. ಎಷ್ಟೋ ಕ್ಯಾಪ್‌ಗಳಲ್ಲಿ ಒಳಗೆ ಲೋಹ, ಮೇಲೆ ಪಿಂಗಾಣಿ ಇರುತ್ತೆ. ವಸಡು ಹಿಂದೆ ಸರಿದಾಗ ಅಂಚಿನ ಲೋಹ ಕಾಣುತ್ತೆ, ಅಷ್ಟೇ. ಚಂದ ಕಾಣಲ್ಲ ಅನ್ನಿಸಿದ್ರೆ ಲೋಹವಿಲ್ಲದ ಜಿರ್ಕೋನಿಯಾ ಕ್ಯಾಪ್ ಹಾಕಿಸಬಹುದು.

ಆದರೆ ಅಂಚು ಕಂದಾಗಿ, ಊಟ ಸಿಕ್ಕಿಕೊಂಡು, ವಾಸನೆ ಬರ್ತಿದ್ರೆ ಕಾಯಬೇಡಿ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರಲ್ಲ. ಒಳಗೆ ಹುಳುಕು ತಿಂದರೂ ಹಲ್ಲು ನೋಯಲ್ಲ. ಎಷ್ಟೋ ಸಲ ಕ್ಯಾಪ್ ಹಲ್ಲಿನ ಸಮೇತ ಮುರಿದು ಕೈಗೆ ಬಂದಾಗಲೇ ಗೊತ್ತಾಗೋದು.

ಇನ್ನು ವೆನೀರ್. ಪಿಂಗಾಣಿಗೆ ಕಾಫಿ ಕಲೆ ಸುಲಭವಾಗಿ ಹಿಡಿಯಲ್ಲ, ಅಂಚಿನ ಅಂಟಿಗೆ ಹಿಡಿಯುತ್ತೆ. ಕಾಂಪೋಸಿಟ್ ಆದ್ರೆ ಮೈಗೇ ಹಿಡಿಯುತ್ತೆ; ಮೇಲ್ಮೈ ಕಲೆಯಾದ್ರೆ ಪಾಲಿಶ್‌ಗೆ ಹೋಗುತ್ತೆ.

ನೆನಪಿಡಿ, ಬ್ಲೀಚಿಂಗ್‌ನಿಂದ ಕ್ಯಾಪ್ ಬೆಳ್ಳಗಾಗಲ್ಲ, ಪಕ್ಕದ ಹಲ್ಲು ಮಾತ್ರ ಆಗುತ್ತೆ. ಹಾಗಾಗಿ ಮೊದಲು ಬ್ಲೀಚಿಂಗ್, ಸುಮಾರು 2 ವಾರ ಬಿಟ್ಟು ಬಣ್ಣ ಹೊಂದಿಸಿ ಆಮೇಲೆ ಕ್ಯಾಪ್.

ಮೆತ್ತನೆಯ ಬ್ರಷ್ ಬಳಸಿ, ಅಂಚನ್ನು ದಿನಾ ಫ್ಲಾಸ್‌ನಿಂದ ಸ್ವಚ್ಛ ಮಾಡಿ. ಎಲೆಯಡಿಕೆ, ತಂಬಾಕು ಬಿಡಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರು ಹೇಳಿದಷ್ಟೇ ದಿನ. ಹೆಚ್ಚಾದ್ರೆ ಅದೇ ಕಂದು ಕಲೆ ತರುತ್ತೆ. ನೋವಿಲ್ಲ ಅಂತ ಸುಮ್ಮನಿರಬೇಡಿ. ಗೆರೆ ಕಂಡ್ರೆ ಒಂದ್ಸಲ ತೋರಿಸಿ, ಒಂದು ಎಕ್ಸ್‌ರೇಗೆ ಹಲ್ಲು ಉಳಿಯಬಹುದು.